ಮಾತು ಮುಗೀತು ಅಂತ ಯಾರು ಹೇಳಬೇಕು?

ಹೋದ ವಾರ ರಾತ್ರಿ ಹನ್ನೊಂದಕ್ಕೆ ಹಿರಿಯ ಸಹೋದ್ಯೋಗಿಯೊಬ್ಬರಿಂದ ಒಂದು ಫೈಲ್ ಬೇಕಿತ್ತು. ವಾಟ್ಸಾಪ್‌ನಲ್ಲಿ ಕೇಳಿದೆ. ಎರಡೇ ನಿಮಿಷದಲ್ಲಿ ಕಳಿಸಿದರು. ಕೆಲಸ ಅಲ್ಲಿಗೆ ಮುಗಿಯಿತು. ಮಾತು ಮುಗಿಯಲಿಲ್ಲ. ನಾನು ‘ಥ್ಯಾಂಕ್ಯೂ ಸರ್’ ಅಂದೆ. ಅವರು ‘ಪರವಾಗಿಲ್ಲ ಸರ್’ ಅಂದರು. ಇಷ್ಟಕ್ಕೇ ಸುಮ್ಮನಾದರೆ ಒರಟು ಅನ್ನಿಸೀತು ಅಂತ ನಾನೊಂದು ಕೈಮುಗಿಯುವ ಎಮೋಜಿ ಹಾಕಿದೆ. ಅವರೂ ಕೈಮುಗಿದರು. ನಾನು ‘ಶುಭರಾತ್ರಿ’ ಅಂದೆ. ಅವರು ‘ಶುಭರಾತ್ರಿ ಸರ್’ ಜೊತೆಗೆ ಒಂದು ಚಂದ್ರನನ್ನೂ ಕಳಿಸಿದರು. ಚಂದ್ರನಿಗೆ ನಾನು ಹೆಬ್ಬೆರಳು ಒತ್ತಿದೆ. ಹೆಬ್ಬೆರಳಿಗೆ ಅವರಿಂದ ಒಂದು ನಗುಮುಖ ಬಂತು. ಗಂಟೆ 11:20. ಇಬ್ಬರಿಗೂ ನಿದ್ದೆ ಎಳೆಯುತ್ತಿತ್ತು, ಇಬ್ಬರಿಗೂ ಹೇಳಲು ಏನೂ ಉಳಿದಿರಲಿಲ್ಲ. ಆದರೂ ಮೊದಲು ಫೋನ್ ಕೆಳಗಿಡುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಆನ್‌ಲೈನ್ ನಡವಳಿಕೆ ಅಂದ ಕೂಡಲೇ ಚರ್ಚೆ ಬೈಗುಳ, ಟ್ರೋಲ್, ಸುಳ್ಳು ಸುದ್ದಿ ಕಡೆಗೆ ಹೊರಟುಬಿಡುತ್ತದೆ. ಅದು ಕೆಟ್ಟವರ ಕಥೆ. ನನಗೆ ಕುತೂಹಲ ಇರುವುದು ಒಳ್ಳೆಯವರ ನಡುವೆಯೇ ಆಗುವ ಎಡವಟ್ಟುಗಳ ಬಗ್ಗೆ. ಒಂದು ‘ಸರಿ’ಗೆ ಯಾಕೆ ಬೇಜಾರಾಗುತ್ತದೆ? ಓದಿ ಉತ್ತರ ಕೊಡದವರ ಮೇಲೆ ಯಾಕೆ ಸಿಟ್ಟು ಬರುತ್ತದೆ? ಯಾರಿಗೂ ಬೇಡದ ಗ್ರೂಪಿನಿಂದ ಯಾಕೆ ಯಾರೂ ಹೊರಗೆ ಬರುವುದಿಲ್ಲ? ಬೇರೆ ಬೇರೆ ಪ್ರಶ್ನೆಗಳಂತೆ ಕಾಣುತ್ತವೆ. ನನ್ನ ಲೆಕ್ಕದಲ್ಲಿ ಇವುಗಳ ಬೇರು ಒಂದೇ: ಸುಮ್ಮನಿರುವುದಕ್ಕೆ ಏನು ಅರ್ಥ ಅನ್ನುವುದರ ಬಗ್ಗೆ ನಾವಿನ್ನೂ ಒಂದು ಒಪ್ಪಂದಕ್ಕೆ ಬಂದಿಲ್ಲ.

ಎದುರಾಬದುರು ಕೂತು ಮಾತಾಡುವಾಗ ನಾವು ಎಷ್ಟು ಚುರುಕು ಅಂತ ನಮಗೇ ಗೊತ್ತಿರುವುದಿಲ್ಲ. 2009ರಲ್ಲಿ ಮಾತುಕತೆಯನ್ನೇ ಅಧ್ಯಯನ ಮಾಡುವ ತಾನ್ಯಾ ಸ್ಟೈವರ್ಸ್ ಮತ್ತು ಜೊತೆಗಾರರು ಹತ್ತು ಭಾಷೆಗಳ ಮಾತುಕತೆಗಳನ್ನು ಅಳೆದು ನೋಡಿದರು. ಒಬ್ಬರ ಪ್ರಶ್ನೆ ಮುಗಿದು ಇನ್ನೊಬ್ಬರ ಉತ್ತರ ಶುರುವಾಗುವ ನಡುವೆ ಇದ್ದದ್ದು ಸರಾಸರಿ 200 ಮಿಲಿಸೆಕೆಂಡ್ ಆಸುಪಾಸು. ಅಂದರೆ ಒಂದು ಸೆಕೆಂಡನ್ನು ಐದು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಜಪಾನಿ ಮಾತಾಡುವವರು ಇನ್ನೂ ಬೇಗ, ಡೇನಿಷ್ ಮಾತಾಡುವವರು ತುಸು ನಿಧಾನ. ಆದರೆ ಇವರಿಬ್ಬರ ನಡುವಿನ ವ್ಯತ್ಯಾಸವೂ ಅರ್ಧ ಸೆಕೆಂಡಿನ ಒಳಗೇ. ಅದೇ ಅಧ್ಯಯನದಲ್ಲಿ ಇನ್ನೊಂದು ವಿಷಯ ಕಂಡಿತು. ಒಪ್ಪುವ ಉತ್ತರ ಬೇಗ ಬರುತ್ತದೆ, ಒಪ್ಪದ ಉತ್ತರ ತಡವಾಗುತ್ತದೆ.

ಇದು ನಮಗೆ ಯಾರೂ ಹೇಳಿಕೊಟ್ಟದ್ದಲ್ಲ. ಆದರೂ ‘ನಾಳೆ ಬರ್ತೀಯಾ?’ ಅಂದಾಗ ಎದುರಿಗಿದ್ದವರು ಒಂದು ಕ್ಷಣ ತಡೆದರೆ ಸಾಕು, ‘ಬರಲ್ಲ ಬಿಡು’ ಅಂತ ಒಳಗೇ ಗೊತ್ತಾಗಿಬಿಡುತ್ತದೆ. ಒಂದೆರಡು ಸೆಕೆಂಡಿನ ಮೌನವನ್ನೇ ಓದಿ ಪಳಗಿದ ತಲೆ ಇದು. ಇದರ ಕೈಗೆ ನಲವತ್ತು ನಿಮಿಷದ ಮೌನ ಕೊಟ್ಟರೆ ಏನಾಗಬೇಕು ಹೇಳಿ?

ಕಾಗದ ಬರೆಯುವ ಕಾಲದಲ್ಲಿ ಈ ತೊಂದರೆ ಇರಲಿಲ್ಲ. ಉತ್ತರ ಬರಲು ವಾರ ಹಿಡಿಯುತ್ತದೆ ಅಂತ ಇಬ್ಬರಿಗೂ ಗೊತ್ತಿತ್ತು. ತಡಕ್ಕೆ ಅಂಚೆಯನ್ನು ದೂರಬಹುದಿತ್ತು. ಚಾಟ್ ಅನ್ನುವುದು ಬರಹದ ಮೈಗೆ ಮಾತಿನ ಬಟ್ಟೆ ತೊಡಿಸಿದ ಹಾಗೆ. ಬರೆಯುತ್ತೇವೆ, ಆದರೆ ಮಾತಾಡಿದೆವು ಅಂದುಕೊಳ್ಳುತ್ತೇವೆ. ಹಾಗಾಗಿ ಉತ್ತರವನ್ನೂ ಮಾತಿನ ವೇಗದಲ್ಲೇ ಕಾಯುತ್ತೇವೆ.

ಇನ್ನು ಮುಗಿಸುವ ಕಷ್ಟ. ಮಾತು ಮುಗಿಸುವುದು ಒಬ್ಬರ ಕೈಯಲ್ಲಿಲ್ಲ, ಅದು ಇಬ್ಬರೂ ಸೇರಿ ಮಾಡುವ ಕೆಲಸ ಅಂತ ಸಮಾಜಶಾಸ್ತ್ರಜ್ಞರಾದ ಇಮ್ಯಾನುಯೆಲ್ ಶೆಗ್ಲೋಫ್ ಮತ್ತು ಹಾರ್ವೆ ಸ್ಯಾಕ್ಸ್ 1973ರಲ್ಲೇ ಬರೆದರು. ಮೊದಲು ಒಬ್ಬರು ಬಾಗಿಲು ತೋರಿಸುತ್ತಾರೆ, ಇನ್ನೊಬ್ಬರು ಹೊಸ ವಿಷಯ ತೆಗೆಯದೆ ಅದನ್ನು ಒಪ್ಪುತ್ತಾರೆ, ಆಮೇಲಷ್ಟೇ ವಿದಾಯ. ನಮ್ಮ ಫೋನ್ ಮಾತು ನೆನಪು ಮಾಡಿಕೊಳ್ಳಿ. ‘ಮತ್ತೆ ಇನ್ನೇನು?’ ‘ಏನಿಲ್ಲ, ಇಷ್ಟೇ.’ ‘ಸರಿ ಹಾಗಾದ್ರೆ.’ ‘ಹ್ಞೂಂ, ಇಡ್ಲಾ?’ ‘ಇಡಿ, ಇಡಿ.’ ಇದರಲ್ಲಿ ಹೊಸ ಸುದ್ದಿ ಒಂದೂ ಇಲ್ಲ. ಆದರೆ ಇದಿಲ್ಲದೆ ಫೋನ್ ಇಟ್ಟರೆ ‘ಟಪ್ ಅಂತ ಇಟ್ಬಿಟ್ರು’ ಅನ್ನುತ್ತೇವೆ.

ಈ ‘ಇಡ್ಲಾ?’ ಕೂಡ ಫೋನಿನ ಜೊತೆಗೇ ಬಂದದ್ದಲ್ಲ. ಫೋನ್ ಹೊಸದಾಗಿದ್ದಾಗ ಶುರು ಮಾಡುವುದು ಹೇಗೆ ಅನ್ನುವುದೇ ಜನರಿಗೆ ಗೊತ್ತಿರಲಿಲ್ಲ. ಫೋನ್ ಎತ್ತಿದಾಗ ನಾವಿಕರಂತೆ ‘ಅಹೋಯ್’ ಅನ್ನಬೇಕು ಅನ್ನುವುದು ಅಲೆಕ್ಸಾಂಡರ್ ಗ್ರಹಾಂ ಬೆಲ್‌ಗೆ ಇಷ್ಟ. ಥಾಮಸ್ ಎಡಿಸನ್ 1877ರಲ್ಲಿ ‘ಹಲೋ’ ಸಾಕು ಅಂದರು. ಗೆದ್ದವರು ಯಾರು ಅಂತ ಹೇಳಬೇಕಿಲ್ಲ. 1878ರಲ್ಲಿ ಅಮೆರಿಕದ ನ್ಯೂ ಹೇವನ್ ಊರಿನ ಫೋನ್ ಡೈರೆಕ್ಟರಿಯಲ್ಲಿ ಮಾತಾಡುವ ಕ್ರಮವನ್ನೇ ಅಚ್ಚು ಹಾಕಿದ್ದರು. ಮೊದಲು ‘ಹಲೋ’ ಅನ್ನಿ. ಹೇಳುವುದೆಲ್ಲ ಮುಗಿದ ಮೇಲೆ ‘ಇಷ್ಟೇ’ ಅನ್ನಿ. ಕೇಳಿಸಿಕೊಂಡವರು ‘ಓಕೆ’ ಅನ್ನಬೇಕು. ಮುಗೀತು. ಆ ‘ಇಷ್ಟೇ’ ಅನ್ನುವ ಪದ ನಮ್ಮ ಚಾಟ್‌ಗೆ ಇನ್ನೂ ಸಿಕ್ಕಿಲ್ಲ. ಸಿಕ್ಕಿದ್ದರೆ ಆ ರಾತ್ರಿ ಚಂದ್ರ, ಹೆಬ್ಬೆರಳು, ನಗುಮುಖ ಯಾವುದೂ ಬೇಕಿರಲಿಲ್ಲ.

ಮನುಷ್ಯರು ರೂಢಿ ಮಾಡಿಕೊಳ್ಳುವ ಮೊದಲೇ ಆ ಜಾಗಕ್ಕೆ ಯಂತ್ರ ಬಂದು ಕೂತಿತು. ವಾಟ್ಸಾಪ್‌ಗೆ ನೀಲಿ ಟಿಕ್ ಬಂದದ್ದು 2014ರ ನವೆಂಬರ್‌ನಲ್ಲಿ. ಸಂದೇಶ ತಲುಪಿದರೆ ಎರಡು ಬೂದು ಗೆರೆ, ಓದಿದರೆ ಎರಡೂ ನೀಲಿ. ಜನ ಎಷ್ಟು ಗೊಣಗಿದರು ಅಂದರೆ, ಅದನ್ನು ಆಫ್ ಮಾಡುವ ಅವಕಾಶವೂ ಬೇಗನೆ ಬಂತು. ಆದರೆ ಆ ಅವಕಾಶಕ್ಕೆ ಒಂದು ಷರತ್ತಿದೆ. ನಿಮ್ಮ ಟಿಕ್ ಮುಚ್ಚಿಟ್ಟರೆ ಬೇರೆಯವರದ್ದೂ ನಿಮಗೆ ಕಾಣುವುದಿಲ್ಲ. ಗ್ರೂಪಿನಲ್ಲಿ ಮುಚ್ಚಿಡಲು ಆಗುವುದೇ ಇಲ್ಲ. ವಾಯ್ಸ್ ಮೆಸೇಜ್ ಕೇಳಿದರೆ ಅದೂ ಕಳಿಸಿದವರಿಗೆ ತಿಳಿಯುತ್ತದೆ.

ನೀಲಿ ಟಿಕ್ ನಿಜಕ್ಕೂ ಹೇಳುವುದು ಇಷ್ಟು: ಈ ಫೋನಿನಲ್ಲಿ ಈ ಚಾಟ್ ತೆರೆದುಕೊಂಡಿತು. ಯಾರ ಕೈಯಲ್ಲಿ ಫೋನ್ ಇತ್ತು, ಅವರು ಬಸ್ಸಿನಲ್ಲಿ ನಿಂತಿದ್ದರೋ, ಅಳುತ್ತಿದ್ದರೋ, ಬೇರೆ ಯಾರದ್ದೋ ಚಾಟ್ ಒತ್ತಲು ಹೋಗಿ ತಪ್ಪಿ ನಿಮ್ಮದು ಒತ್ತಿದರೋ, ಅದಕ್ಕೆ ಗೊತ್ತಿಲ್ಲ. ಅದು ಮೀಟರ್ ರೀಡಿಂಗ್ ಇದ್ದ ಹಾಗೆ. ನಾವು ಓದುವುದು ಮಾತ್ರ ಮುಖಭಾವದಂತೆ. ‘ನೋಡಿದಾಳೆ, ಉತ್ತರ ಕೊಟ್ಟಿಲ್ಲ.’ ಈ ವಾಕ್ಯದಲ್ಲಿ ಎರಡು ಮಾಹಿತಿ ಇದೆ, ಒಂದು ಆರೋಪ ಇದೆ. ಆರೋಪ ಬರೆದದ್ದು ನಾವು.

ಇದಕ್ಕೆ ಜನ ಕಂಡುಕೊಂಡ ಉಪಾಯಗಳೂ ತಮಾಷೆಯಾಗಿವೆ. ನೋಟಿಫಿಕೇಷನ್ ಅನ್ನು ಮೆಲ್ಲಗೆ ಕೆಳಗೆ ಎಳೆದು, ಚಾಟ್ ತೆರೆಯದೆ ಓದುವುದು. ಇನ್ನೂ ನುರಿತವರು ಫ್ಲೈಟ್ ಮೋಡ್ ಹಾಕಿ, ಒಳಗೆ ಹೋಗಿ ಓದಿ ಬರುತ್ತಾರೆ. ಒಬ್ಬ ವಯಸ್ಕ ಮನುಷ್ಯ ತನಗೇ ಬಂದ ಸಂದೇಶವನ್ನು ಕದ್ದು ಓದುವ ದೃಶ್ಯ ಊಹಿಸಿಕೊಳ್ಳಿ. ಇದನ್ನು ಕಪಟ ಅನ್ನುವವರೂ ಇದ್ದಾರೆ. ನಾನು ಹಾಗನ್ನಲಾರೆ. ‘ಓದಿದ್ದೇನೆ, ಯೋಚಿಸಿ ಹೇಳುತ್ತೇನೆ’ ಅನ್ನುವ ಹೊತ್ತನ್ನು ಯಂತ್ರ ಕಿತ್ತುಕೊಂಡಿದೆ, ಜನ ಅದನ್ನು ಹಿಂಬಾಗಿಲಿನಿಂದ ವಾಪಸ್ ತೆಗೆದುಕೊಳ್ಳುತ್ತಿದ್ದಾರೆ, ಅಷ್ಟೇ.

‘ಟೈಪಿಂಗ್…’ ಅಂತ ಬಂದು ಮಾಯವಾಗುವುದು ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಮೌನದ ಜೊತೆಗೆ ನುಂಗಿಕೊಂಡ ಮಾತೂ ಕಾಣುತ್ತದೆ. ಹಾಗೆಯೇ ಅಳಿಸಿದ ಸಂದೇಶ. ‘ಎಲ್ಲರಿಗೂ ಅಳಿಸು’ ಅನ್ನುವ ಸೌಲಭ್ಯ 2017ರಲ್ಲಿ ಬಂತು. 2022ರಿಂದ ಎರಡು ದಿನ ಕಳೆದ ಮೇಲೂ ಅಳಿಸಬಹುದು. ಆದರೆ ಅಳಿಸಿದ ಜಾಗದಲ್ಲಿ ಈ ಸಂದೇಶವನ್ನು ಅಳಿಸಲಾಗಿದೆ ಅನ್ನುವ ಬೋರ್ಡ್ ಉಳಿಯುತ್ತದೆ. ಕಾಗುಣಿತ ತಪ್ಪಾಯಿತು ಅಂತ ಅಳಿಸಿರುತ್ತೇವೆ. ಆ ಕಡೆ ಇದ್ದವರು ಏನೇನೋ ಊಹಿಸಿ ಆಗಿರುತ್ತದೆ. ಸಂದೇಶವೇ ಇದ್ದಿದ್ದರೆ ಅಷ್ಟು ಗಮನ ಕೊಟ್ಟು ಓದುತ್ತಿರಲಿಲ್ಲ.

ಇನ್ನು ಧ್ವನಿಯ ವಿಷಯ. ‘ಆಹಾ, ಭಾರಿ ಕೆಲಸ ಮಾಡಿದೆ’ ಅನ್ನುವ ಸಾಲನ್ನು ಬಾಯಲ್ಲಿ ಹೇಳಿದರೆ ಹೊಗಳಿಕೆಯೋ ಕುಹಕವೋ ತಕ್ಷಣ ತಿಳಿಯುತ್ತದೆ. ಬರೆದರೆ? ಮನಶ್ಶಾಸ್ತ್ರಜ್ಞರಾದ ಜಸ್ಟಿನ್ ಕ್ರೂಗರ್, ನಿಕೋಲಸ್ ಎಪ್ಲಿ ಮತ್ತಿತರರು 2005ರಲ್ಲಿ ಇದನ್ನೇ ಪರೀಕ್ಷಿಸಿದರು. ಇಮೇಲ್ ಬರೆದವರು ತಮ್ಮ ವ್ಯಂಗ್ಯ ಎದುರಿನವರಿಗೆ ಚೆನ್ನಾಗಿಯೇ ತಿಳಿಯುತ್ತದೆ ಅಂತ ನಂಬಿದ್ದರು. ಓದಿದವರು ಸರಿಯಾಗಿ ಗುರುತಿಸಿದ್ದು ನಾಣ್ಯ ಚಿಮ್ಮಿ ಹೇಳಿದ್ದಕ್ಕಿಂತ ತುಸು ಮೇಲು, ಅಷ್ಟೇ. ಕಾರಣ ಸರಳ. ಬರೆಯುವಾಗ ನಮ್ಮ ಧ್ವನಿ ನಮಗೆ ಒಳಗೆ ಕೇಳಿಸುತ್ತಿರುತ್ತದೆ. ಅದು ಅಕ್ಷರದ ಜೊತೆ ಹೋಗುವುದಿಲ್ಲ ಅನ್ನುವುದು ಮರೆತುಹೋಗುತ್ತದೆ.

ಈ ಕೊರತೆ ಹೊಸದೇನಲ್ಲ. 1982ರ ಸೆಪ್ಟೆಂಬರ್ 19ರಂದು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸ್ಕಾಟ್ ಫಾಲ್ಮನ್ ಒಂದು ಸಲಹೆ ಕೊಟ್ಟರು. ಕಂಪ್ಯೂಟರ್‌ನಲ್ಲಿ ಹಾಕಿದ ಜೋಕುಗಳನ್ನು ಕೆಲವರು ನಿಜ ಅಂತ ತಿಳಿದು ಗಾಬರಿಯಾಗುತ್ತಿದ್ದರು. ಅದಕ್ಕೆ ಜೋಕಿನ ಕೊನೆಗೆ ಎರಡು ಚುಕ್ಕಿ, ಒಂದು ಗೆರೆ, ಒಂದು ಕಂಸ ಹಾಕಿ, ತಲೆ ವಾಲಿಸಿ ನೋಡಿ ಅಂದರು. ಅಡ್ಡ ಮಲಗಿದ ನಗುಮುಖ. ಅಂದರೆ ನಗುಮುಖ ಹುಟ್ಟಿದ್ದೇ ‘ತಮಾಷೆಗೆ ಹೇಳಿದ್ದು ಮಾರಾಯ’ ಅನ್ನಲು. ಈಗ ಅದರ ಪಾಡು ನೋಡಿ. ಬೈದು, ಕೊನೆಗೆ ಒಂದು ನಗುಮುಖ ಅಂಟಿಸಿದರೆ ಬೈಗುಳ ಇನ್ನೂ ಜಾಸ್ತಿ ಚುಚ್ಚುತ್ತದೆ.

ಪೂರ್ಣವಿರಾಮದ ಕಥೆಯೂ ಹೀಗೇ. ಅಮೆರಿಕದ ಬಿಂಗ್‌ಹ್ಯಾಂಟನ್ ವಿಶ್ವವಿದ್ಯಾಲಯದ ಸೀಲಿಯಾ ಕ್ಲಿನ್ ಮತ್ತು ತಂಡ 2015ರಲ್ಲಿ 126 ವಿದ್ಯಾರ್ಥಿಗಳಿಗೆ ಚಿಕ್ಕ ಚಿಕ್ಕ ಟೆಕ್ಸ್ಟ್ ಸಂದೇಶಗಳನ್ನು ತೋರಿಸಿತು. ಕೊನೆಗೆ ಚುಕ್ಕಿ ಇದ್ದ ಉತ್ತರ ಮನಸ್ಸಿನಿಂದ ಬಂದದ್ದಲ್ಲ ಅಂತ ಅವರಿಗೆ ಅನ್ನಿಸಿತು. ಅದೇ ಉತ್ತರವನ್ನು ಕೈಬರಹದಲ್ಲಿ ತೋರಿಸಿದಾಗ ಚುಕ್ಕಿಯಿಂದ ಏನೂ ವ್ಯತ್ಯಾಸ ಆಗಲಿಲ್ಲ. ಚಾಟ್‌ನಲ್ಲಿ ಕಳಿಸು ಒತ್ತಿದರೇ ವಾಕ್ಯ ಮುಗಿಯಿತು. ಅದರ ಮೇಲೊಂದು ಚುಕ್ಕಿ ಅಂದರೆ ಬಾಗಿಲು ಹಾಕಿ ಚಿಲಕವನ್ನೂ ಹಾಕಿದಂತೆ. ‘ಸರಿ’ ಅಂದರೆ ಸರಿ. ‘ಸರಿ.’ ಅಂದರೆ ಏನೋ ಸರಿಯಿಲ್ಲ. ಆದರೆ ಶಾಲೆಯಲ್ಲಿ ಚುಕ್ಕಿ ಬಿಟ್ಟದ್ದಕ್ಕೆ ಅಂಕ ಕಳೆದುಕೊಂಡು ಬೆಳೆದ ಹಿರಿಯರು ಮೊಮ್ಮಗಳಿಗೂ ‘ಆಯಿತು.’ ಅಂತಲೇ ಬರೆಯುತ್ತಾರೆ. ಅವಳು ‘ಅಜ್ಜಿಗೆ ಕೋಪ ಬಂದಿದೆ’ ಅಂದುಕೊಳ್ಳುತ್ತಾಳೆ.

ನಡುವೆ ಒಂದು ಮಾತು. ಇಂಗ್ಲಿಷ್‌ನಲ್ಲಿ ದೊಡ್ಡ ಅಕ್ಷರಗಳಲ್ಲೇ ಬರೆದರೆ ಕಿರುಚಿದಂತೆ ಅನ್ನುವುದು ಆನ್‌ಲೈನ್ ಲೋಕದ ಹಳೆಯ ನಿಯಮ. ಕನ್ನಡ ಲಿಪಿಯಲ್ಲಿ ಸಣ್ಣಕ್ಷರ, ದೊಡ್ಡಕ್ಷರ ಅಂತಲೇ ಇಲ್ಲ. ಕಿರುಚಬೇಕಾದರೆ ನಾವು ‘ಬಾರೋಓಓಓ’ ಅಂತ ಎಳೆಯಬೇಕು, ಇಲ್ಲವೇ ಆಶ್ಚರ್ಯಸೂಚಕದ ಸಾಲು ನಿಲ್ಲಿಸಬೇಕು. ಬದಲಿಗೆ ನಮಗೆ ಬೇರೆ ಅಸ್ತ್ರ ಇದೆ. ಗುರುತಿಲ್ಲದವರಿಗೆ ‘ನೀವು’ ಅಂತ ಶುರುಮಾಡಿ ಮೂರನೇ ಉತ್ತರದಲ್ಲಿ ‘ನೀನು’ಗೆ ಇಳಿದರೆ ಸಾಕು, ಯಾವ ದೊಡ್ಡಕ್ಷರವೂ ಬೇಡ.

ಹೆಬ್ಬೆರಳಿಗೆ ಬರೋಣ. ಹಲವರಿಗೆ ಅದು ‘ಆಯ್ತು’. ಕಿರಿಯರಲ್ಲಿ ಕೆಲವರಿಗೆ ಅದು ‘ಸಾಕು, ಮುಚ್ಚು’. ಈ ಜಗಳ ಬರೀ ಬೇಜಾರಿನಲ್ಲಿ ಮುಗಿಯುವುದಿಲ್ಲ ಅಂತ ಕೆನಡಾದ ಸಸ್ಕ್ಯಾಚೆವಾನ್‌ನಲ್ಲಿ ಗೊತ್ತಾಯಿತು. ಅಗಸೆ ಬೀಜ ಕೊಳ್ಳುವವರೊಬ್ಬರು ಒಪ್ಪಂದದ ಫೋಟೋ ಕಳಿಸಿ, ದೃಢಪಡಿಸಿ ಅಂದರು. ರೈತ ಒಂದು ಹೆಬ್ಬೆರಳು ಕಳಿಸಿದ. ಬೀಜ ಬರಲಿಲ್ಲ, ಕೇಸು ಕೋರ್ಟಿಗೆ ಹೋಯಿತು. ‘ಒಪ್ಪಂದ ತಲುಪಿತು ಅಂತ ಹೇಳಿದ್ದು ಅಷ್ಟೇ, ಒಪ್ಪಿದೆ ಅಂತಲ್ಲ’ ಅನ್ನುವುದು ರೈತನ ವಾದ. 2023ರಲ್ಲಿ ನ್ಯಾಯಾಧೀಶರು ಆ ಹೆಬ್ಬೆರಳು ಸಹಿಗೆ ಸಮ ಅಂದರು. ರೈತ ಕಟ್ಟಬೇಕಾದದ್ದು 82 ಸಾವಿರಕ್ಕೂ ಹೆಚ್ಚು ಕೆನಡಾ ಡಾಲರ್. ಮುಂದಿನ ವರ್ಷ ಮೇಲ್ಮನವಿಯಲ್ಲೂ ಅದೇ ತೀರ್ಪು ನಿಂತಿತು.

ತಲುಪಿತು ಅನ್ನುವುದಕ್ಕೂ ಒಪ್ಪಿದೆ ಅನ್ನುವುದಕ್ಕೂ ಒಂದೇ ಚಿತ್ರ. ರೈತನ ವಾದ ನಿಜವೋ ಸುಳ್ಳೋ ಬಿಡಿ, ಅದು ಅರ್ಥವಾಗದವರು ಯಾರಾದರೂ ಇದ್ದಾರಾ? ಫೇಸ್‌ಬುಕ್ ಇದೇ ಬಗೆಯ ಇಕ್ಕಟ್ಟನ್ನು ಕಂಡಿತ್ತು. 2009ರಲ್ಲಿ ಲೈಕ್ ಬಟನ್ ತಂದಿತು. ಯಾರೋ ತಂದೆ ತೀರಿಕೊಂಡ ಸುದ್ದಿ ಹಾಕಿದರೆ ಅದಕ್ಕೂ ಹೆಬ್ಬೆರಳೇ ಒತ್ತಬೇಕು. ಒತ್ತದಿದ್ದರೆ ನೋಡಿಯೂ ಸುಮ್ಮನಿದ್ದಂತೆ. ಏಳು ವರ್ಷ ಜನ ಹೀಗೇ ಕೈ ಹಿಸುಕಿಕೊಂಡ ಮೇಲೆ, 2016ರ ಫೆಬ್ರವರಿಯಲ್ಲಿ ಅಳುಮುಖ, ಸಿಟ್ಟುಮುಖ ಎಲ್ಲ ಬಂದವು.

ಗ್ರೂಪುಗಳ ವಿಷಯಕ್ಕೆ ಬಂದರೆ ನನ್ನ ಬಳಿ ಒಂದು ಗಾಯ ಇದೆ. ಹಳೆಯ ಸಹಪಾಠಿಗಳು ಒಮ್ಮೆ ಸೇರೋಣ ಅಂತ ಗ್ರೂಪ್ ಮಾಡಿದೆವು. ಅರವತ್ತು ಜನ. ದಿನಾಂಕ ಕೇಳಿದಾಗ ಎಲ್ಲರೂ ಓದಿದರು, ನಾಲ್ಕು ಜನ ಉತ್ತರ ಕೊಟ್ಟರು. ಮೌನಂ ಸಮ್ಮತಿ ಲಕ್ಷಣಂ ಅಂತ ಮಾಡಿದವನು ಈ ಗ್ರೂಪಿಗೆ ಬಂದಿರಲಿಲ್ಲ. ಸೇರುವುದು ಆಗಲಿಲ್ಲ. ಗ್ರೂಪ್ ಮಾತ್ರ ಆರು ವರ್ಷದಿಂದ ನಡೆಯುತ್ತಿದೆ. ದಿನಾ ಬೆಳಗ್ಗೆ ಹೂವಿನ ಚಿತ್ರದ ಶುಭೋದಯ, ಹುಟ್ಟಿದ ದಿನಕ್ಕೆ ಮೂವತ್ತು ಕೇಕು. ಒಂದು ದಿನ ಸುಮ್ನೆ ಎದ್ದು ಹೊರಬಂದೆ. ಹತ್ತು ನಿಮಿಷದಲ್ಲಿ ಮೂರು ಕರೆ. ‘ಏನಾಯ್ತೋ? ಯಾರಾದ್ರೂ ಏನಾದ್ರೂ ಅಂದ್ರಾ?’ ಆರು ವರ್ಷದಲ್ಲಿ ನಾನು ಆ ಗ್ರೂಪಿನಲ್ಲಿ ಹೇಳಿದ ಅತಿ ದೊಡ್ಡ ಮಾತು ಅಂದರೆ ನನ್ನ ಹೆಸರಿನ ಮುಂದೆ ವಾಟ್ಸಾಪ್ ಬರೆದ ‘ಹೊರಹೋದರು’ ಅನ್ನುವ ಆ ಒಂದು ಸಾಲು. ಸಂಜೆಯ ಹೊತ್ತಿಗೆ ವಾಪಸ್ ಸೇರಿಸಿದರು. ಮ್ಯೂಟ್ ಮಾಡಿಕೊಂಡು ಕೂತಿದ್ದೇನೆ.

2022ರಲ್ಲಿ ವಾಟ್ಸಾಪ್ ಇದಕ್ಕೊಂದು ದಾರಿ ಮಾಡಿತು. ಈಗ ಗ್ರೂಪ್ ಬಿಟ್ಟರೆ ಅಡ್ಮಿನ್‌ಗಳಿಗೆ ಮಾತ್ರ ಸೂಚನೆ ಹೋಗುತ್ತದೆ. ಆದರೆ ಹೊರಗೆ ಹೋದವರ ಪಟ್ಟಿ 60 ದಿನ ಅಲ್ಲೇ ಇರುತ್ತದೆ, ಹುಡುಕುವವರು ಹುಡುಕಬಹುದು. ಕಾಲ್ತುದಿಯಲ್ಲಿ ಹೊರಟರೂ ಚಪ್ಪಲಿ ಇಲ್ಲ ಅನ್ನುವುದು ಕಾಣುತ್ತದೆ.

ಆ ಶುಭೋದಯದ ಹೂವುಗಳನ್ನು ಗೇಲಿ ಮಾಡುವುದು ಸುಲಭ. ನಾನೂ ಮಾಡಿದ್ದೇನೆ. ಆದರೆ ಮಾನವಶಾಸ್ತ್ರಜ್ಞ ಬ್ರೊನಿಸ್ಲಾವ್ ಮಾಲಿನೋವ್‌ಸ್ಕಿ 1923ರಲ್ಲೇ ಇಂಥ ಮಾತಿಗೆ ಒಂದು ಜಾಗ ಕೊಟ್ಟಿದ್ದರು. ಹೇಗಿದ್ದೀರಿ, ಸೆಕೆ ಜಾಸ್ತಿ ಅಲ್ವಾ ಅನ್ನುವ ಮಾತುಗಳಿಂದ ಸುದ್ದಿ ಸಾಗುವುದಿಲ್ಲ, ಸಂಬಂಧ ಉಳಿಯುತ್ತದೆ ಅಂದರು. ಒಂಟಿಯಾಗಿರುವ ಒಬ್ಬರು ದಿನಾ ಏಳಕ್ಕೆ ಹೂವು ಕಳಿಸುತ್ತಾರೆ ಅಂತಿಟ್ಟುಕೊಳ್ಳಿ. ಒಂದು ಬೆಳಗ್ಗೆ ಹೂವು ಬರದಿದ್ದರೆ ಯಾರಾದರೂ ಫೋನ್ ಮಾಡಿ ವಿಚಾರಿಸುತ್ತಾರೆ. ಆ ಹೂವು ಹೇಳುವುದು ‘ಇದ್ದೇನೆ’ ಅಂತ. ಇಲ್ಲೂ ಅರ್ಥ ಹುಟ್ಟುವುದು ಮೌನದಿಂದಲೇ.

ಬರೀ ‘ಹಾಯ್’ ಅಂತ ಕಳಿಸಿ ಕಾಯುವವರ ಬಗ್ಗೆ ನನಗೆ ಇಷ್ಟು ಕರುಣೆ ಇಲ್ಲ. ವಿಷಯ ಹೇಳುವುದಿಲ್ಲ, ನೋಡಿದ್ದು ಅವರಿಗೆ ಗೊತ್ತಾಗುತ್ತದೆ, ಹಾಗಾಗಿ ಏನು ಕೇಳುತ್ತಾರೋ ತಿಳಿಯದೆ ಮೊದಲೇ ಬಾಗಿಲು ತೆರೆಯಬೇಕು. ಐದು ನಿಮಿಷದ ವಾಯ್ಸ್ ಮೆಸೇಜೂ ಅಷ್ಟೇ. ಹೇಳುವವರಿಗೆ ಹಗುರ, ಕೇಳುವವರು ಇಯರ್‌ಫೋನ್ ಹುಡುಕಬೇಕು. 2021ರಲ್ಲಿ ಅದನ್ನು ಎರಡು ಪಟ್ಟು ವೇಗದಲ್ಲಿ ಕೇಳುವ ಸೌಲಭ್ಯ ಬಂತು, ಪುಣ್ಯ.

ಇದಕ್ಕೆಲ್ಲ ನಿಯಮಗಳನ್ನು ಯಾರೂ ಬರೆಯಲಿಲ್ಲವೇ? ಬರೆದಿದ್ದರು. 1995ರ ಅಕ್ಟೋಬರ್‌ನಲ್ಲಿ ಚಿಪ್ ಕಂಪನಿ ಇಂಟೆಲ್‌ನ ಸ್ಯಾಲಿ ಹ್ಯಾಂಬ್ರಿಜ್ ‘ನೆಟಿಕೆಟ್’ (ಅಂದರೆ ನೆಟ್ಟಿನ ಮರ್ಯಾದೆ) ಅನ್ನುವ ಮಾರ್ಗಸೂಚಿ ಬರೆದರು. ಸಿಟ್ಟು ಬಂದರೆ ಒಂದು ರಾತ್ರಿ ಕಳೆದ ಮೇಲೆ ಉತ್ತರಿಸಿ, ಸರಪಳಿ ಪತ್ರ ಕಳಿಸಬೇಡಿ, ಕಳಿಸುವಾಗ ಬಿಗಿಯಾಗಿರಿ, ಬಂದದ್ದನ್ನು ಓದುವಾಗ ಉದಾರವಾಗಿರಿ. ಇವತ್ತಿಗೂ ಒಂದು ಮಾತು ಹೆಚ್ಚಿಲ್ಲ, ಕಡಿಮೆಯಿಲ್ಲ. ಆದರೆ ಓದಿದವರು ಯಾರು? ಅದಕ್ಕೂ ಮೊದಲು ಯೂಸ್‌ನೆಟ್ ಅನ್ನುವ ಆನ್‌ಲೈನ್ ಚರ್ಚಾಕಟ್ಟೆಯಲ್ಲಿ ಪ್ರತಿ ಸೆಪ್ಟೆಂಬರ್‌ಗೆ ಹೊಸ ಕಾಲೇಜು ವಿದ್ಯಾರ್ಥಿಗಳು ಬರುತ್ತಿದ್ದರು. ಹಳಬರು ತಿದ್ದುತ್ತಿದ್ದರು, ಒಂದೆರಡು ತಿಂಗಳಲ್ಲಿ ಎಲ್ಲರೂ ಹದಕ್ಕೆ ಬರುತ್ತಿದ್ದರು. ಆಮೇಲೆ ಮನೆಮನೆಗೆ ಸಂಪರ್ಕ ಬಂದು, ಹೊಸಬರು ವರ್ಷವಿಡೀ ಬರತೊಡಗಿದರು. ಕಲಿಸುವವರಿಗಿಂತ ಕಲಿಯಬೇಕಾದವರೇ ಜಾಸ್ತಿಯಾದರು. 1993ರ ಆ ಸೆಪ್ಟೆಂಬರ್ ಮುಗಿಯಲೇ ಇಲ್ಲ ಅಂತ ಹಳಬರು ಈಗಲೂ ಗೊಣಗುತ್ತಾರೆ. ನಾವೆಲ್ಲ ಬೇರೆ ಬೇರೆ ಬಾಗಿಲಿನಿಂದ ಒಳಗೆ ಬಂದವರು. ಒಬ್ಬರು ಇಮೇಲ್‌ನಿಂದ, ಒಬ್ಬರು ಎಸ್‌ಎಂಎಸ್‌ನಿಂದ, ಒಬ್ಬರು ನೇರವಾಗಿ ಇನ್‌ಸ್ಟಾಗ್ರಾಂಗೆ. ತಾವು ಬಂದ ಬಾಗಿಲಿನ ರೂಢಿಯೇ ಮರ್ಯಾದೆ ಅಂತ ಪ್ರತಿಯೊಬ್ಬರೂ ನಂಬಿದ್ದಾರೆ.

ಆದರೂ ಸಣ್ಣ ಸಣ್ಣ ರೂಢಿಗಳು ಹುಟ್ಟುತ್ತಿವೆ. ಗೆಳತಿಯೊಬ್ಬಳು ತನ್ನ ಸಂದೇಶಗಳ ಕೊನೆಗೆ ‘ತಿಳಿಸಿದೆ ಅಷ್ಟೇ, ಉತ್ತರ ಬೇಡ’ ಅಂತ ಸೇರಿಸುತ್ತಾಳೆ. ಮೊದಲ ಸಲ ಓದಿದಾಗ ಹೆಗಲಿನಿಂದ ಏನೋ ಇಳಿದ ಹಾಗಾಯಿತು. 1878ರ ಆ ‘ಇಷ್ಟೇ’ ಕೊನೆಗೂ ಚಾಟ್‌ಗೆ ಬಂತು ಅನ್ನಿಸಿತು.

ನಿನ್ನೆ ಆ ಹಿರಿಯ ಸಹೋದ್ಯೋಗಿಗೆ ನಾನೂ ಅದನ್ನೇ ಪ್ರಯೋಗಿಸಿದೆ. ‘ಫೈಲ್ ಸರಿಪಡಿಸಿ ಕಳಿಸಿದ್ದೇನೆ ಸರ್. ತಿಳಿಸಿದೆ ಅಷ್ಟೇ, ಉತ್ತರ ಬೇಡ.’ ಗೆರೆ ಎರಡೂ ನೀಲಿಯಾದವು. ‘ಟೈಪಿಂಗ್’ ಅಂತ ಬಂತು. ಹೋಯಿತು. ಮತ್ತೆ ಬಂತು.

‘ಆಯ್ತು ಸರ್, ಉತ್ತರ ಕೊಡಲ್ಲ.’ ಜೊತೆಗೆ ಕೈಮುಗಿಯುವ ಎಮೋಜಿ.

ನಾನೂ ಕೈಮುಗಿದೆ.